ಕೆಲಸವಿಲ್ಲದ ದಿನ

"ಕಾಲಿನ ಕಡೆ ಸ್ವಲ್ಪ ಎತ್ತಿ, ಗೋಡೆಗೆ ತಾಗ್ತಿದೆ," ಎಂದು ತಮ್ಮ ಹೇಳುವಷ್ಟರಲ್ಲಿ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

ಒಳಗಿದ್ದವಳು ಅವನ ಅಕ್ಕ. ಬದುಕೆಲ್ಲ ಸೇನೆಯ ಶವಾಗಾರದಲ್ಲಿ ದುಡಿದ ವೈದ್ಯೆ. ಬೀದಿಯವರ ಬಾಯಲ್ಲಿ 'ಹೆಣದ ಡಾಕ್ಟರಮ್ಮ'. ಜ್ವರ ಬಂದರೂ ಯಾರೂ ಅವಳ ಬಾಗಿಲು ತಟ್ಟಿದವರಲ್ಲ.

"ನಿನ್ನ ಪೇಷೆಂಟುಗಳು ಒಬ್ಬರೂ ದೂರು ಹೇಳಲ್ಲ ನೋಡು," ಎಂದು ಭಾವ ಛೇಡಿಸುತ್ತಿದ್ದರು.

"ದೂರು ಬಿಟ್ಟು ಬೇರೇನೂ ಹೇಳಲ್ಲ ಅವರು," ಎನ್ನುತ್ತಿದ್ದಳು.

ಹಿಂದಿನ ಮೂಲೆ ಹಿಡಿದಿದ್ದ ಅಪರಿಚಿತನದು ಒಂದು ಕೃತಕ ಕಾಲು. ತಮ್ಮ ಗಮನಿಸಿದ. "ಬಿಡಿ, ನಿಮಗೆ ಕಾಲು ನೋಯುತ್ತೆ."

"ಇದು ನೋಯಲ್ಲ ಸಾರ್. ನೋಯೋದು ಇನ್ನೊಂದು," ಎಂದು ಅವನು ನಕ್ಕ. "ಈಗ ಬೇಕರಿ ಇಟ್ಟಿದೀನಿ. ಆಗ ಗಡಿಯಲ್ಲಿದ್ದೆ."

*

ಗಡಿಯಲ್ಲಿ ದೊಡ್ಡ ಯುದ್ಧವೇನೂ ಇರಲಿಲ್ಲ. ಠಾಣೆಗಳ ನಡುವೆ ಆಗಾಗ ಗುಂಡಿನ ಚಕಮಕಿ, ಅಷ್ಟೆ. ಆದರೆ ಶವಾಗಾರಕ್ಕೆ ಬಂದ ಹೆಣಗಳಲ್ಲಿ ಅವಳಿಗೆ ಮತ್ತೆ ಮತ್ತೆ ಒಂದೇ ಬಗೆ ಕಂಡಿತು. ಎದೆಕವಚದ ಮರೆಯಲ್ಲಿದ್ದುದೆಲ್ಲ ನೆಟ್ಟಗಿತ್ತು. ಏಟು ಬಿದ್ದಿದ್ದು ತೊಡೆಗೆ, ತೋಳಿಗೆ.

"ಗುಂಡು ಬಿದ್ದಮೇಲೆ ಸಾಯೋದೇ ಅಲ್ವಾ ಡಾಕ್ಟರೇ," ಎಂದರು ಕಮಾಂಡರು.

"ಇವರು ಗುಂಡಿಗೆ ಸತ್ತಿಲ್ಲ ಸಾರ್. ರಕ್ತ ನಿಲ್ಲಿಸೋರಿಲ್ಲದೆ ಸತ್ತಿದಾರೆ."

ಅವರ ಕಚೇರಿಯ ನೆಲದ ಮೇಲೆಯೇ ಅವಳು ಕೂತಳು. ರಕ್ತ ತಡೆಯುವ ದಪ್ಪ ಪಟ್ಟಿಯೊಂದನ್ನು ಒಂದೇ ಕೈಯಲ್ಲಿ ತನ್ನ ತೊಡೆಗೆ ಸುತ್ತಿ, ಅದರ ಕಡ್ಡಿ ತಿರುಗಿಸಿ, ಹಲ್ಲು ಕಚ್ಚಿ ಬಿಗಿದಳು.

"ಈಗ ಪಾದದ ನಾಡಿ ಹುಡುಕಿ."

ಕಮಾಂಡರು ಮಂಡಿಯೂರಿ ಹುಡುಕಿದರು. ಸಿಗಲಿಲ್ಲ. ಆ ತಿಂಗಳೇ ಪ್ರತಿ ಸೈನಿಕನ ಜೇಬಿಗೂ ಪಟ್ಟಿ ಬಂತು.

ಮುಂದಿನ ಚಕಮಕಿಯ ಸುದ್ದಿ ಬಂದಾಗ ಮೇಜು ತೊಳೆದು ಕಾದಳು. ಸಂಜೆಯಾದರೂ ಹೆಣದ ವ್ಯಾನು ಬರಲಿಲ್ಲ. ಗಾಯಗೊಂಡವರೆಲ್ಲ ಜೀವಂತವಾಗಿ ಆಸ್ಪತ್ರೆ ಸೇರಿದ್ದರು. ಮನೆಗೆ ಬಂದವಳೇ ಚೀಲ ಬಿಸಾಕಿ, "ಇವತ್ತು ನನಗೆ ಕೆಲಸವೇ ಇರಲಿಲ್ಲ ಕಣ್ರೀ," ಎಂದು ಗಂಡನ ಎರಡೂ ಕೈ ಹಿಡಿದು ಕುಣಿದಳು.

*

ಪೆಟ್ಟಿಗೆ ಬಾಗಿಲಾಚೆ ಬಂತು. ಬೀದಿ ತುಂಬ ಜನ. ಊರುಗೋಲು ಹಿಡಿದವರು, ಬರಿದಾದ ತೋಳು ಮಡಚಿ ಪಿನ್ನು ಹಾಕಿಕೊಂಡವರು, ಜೊತೆಗೆ ಹೆಂಡತಿ ಮಕ್ಕಳು.

"ಯಾರಪ್ಪಾ ಇವರೆಲ್ಲ?" ಎಂದರು ಭಾವ.

"ಡಾಕ್ಟರಮ್ಮನ ಮೇಜಿನ ಮೇಲೆ ಮಲಗಬೇಕಾಗಿದ್ದವರು," ಎಂದ ಬೇಕರಿಯವನು. "ಅವರು ಮಲಗಿಸಿಕೊಳ್ಳಲಿಲ್ಲ."

ಹೆಗಲುಗಳು ಬದಲಾದವು. ಮೆರವಣಿಗೆ ಚೌಕದ ಕಡೆ ಹೊರಟಿತು. ಬಸ್ಸುಗಳು ನಿಂತವು, ಕೂತಿದ್ದವರು ಎದ್ದು ನಿಂತರು. ಒಂದು ಕಾಲಕ್ಕೆ ಕವಾಯತು ಮಾಡಿದವರೇ ಆದರೂ ಈಗ ಒಬ್ಬರ ಹೆಜ್ಜೆ ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. ಟಾರು ರಸ್ತೆಯ ಮೇಲೆ ಲೋಹ, ಮರ, ಚರ್ಮ ಎಲ್ಲ ತಮ್ಮ ತಮ್ಮ ತಾಳಕ್ಕೆ ಬಿದ್ದು ಏಳುತ್ತಿದ್ದವು. ಮೇಲೆ ಪೆಟ್ಟಿಗೆ ಮಾತ್ರ ಒಂದಿಷ್ಟೂ ಅಲುಗದೆ ಸಾಗಿತು.