ಬುದ್ಧನ ಕಣ್ಣು

ಬಿರುಗಾಳಿಗೆ ಬಿದ್ದ ಸೈಪ್ರೆಸ್ ಮರದಲ್ಲಿ ನನ್ನ ಗಂಡ ಲಾಕ್ಲನ್ ಬುದ್ಧನನ್ನು ಕೆತ್ತುತ್ತಿದ್ದ. ನಮ್ಮ ಒಟಾಗೋ ಕಡೆ ಅವನು ಅದುವರೆಗೆ ಕೆತ್ತಿದ್ದು ಗೇಟಿನ ಮೇಲಿಡುವ ಗೂಬೆಗಳು, ಮೀನುಗಳು. ಉಣ್ಣೆ ಕತ್ತರಿಸುವ ಹಳೇ ಕೊಟ್ಟಿಗೆಯನ್ನು ಧ್ಯಾನದ ಮನೆ ಮಾಡಿಕೊಂಡ ಊರಿನ ಕೆಲವರು ಬುದ್ಧ ಬೇಕೆಂದು ಕೇಳಿದ್ದರು. ಡನೀಡಿನ್‌ನಲ್ಲಿ ಹಲ್ಲಿನ ಡಾಕ್ಟರಾಗಿದ್ದ ರೊವೀನಾ ಈಗ ಅವರ ಗುರು. ಕಣ್ಣು ಅರ್ಧ ಮುಚ್ಚಿರಬೇಕು ಎಂದಿದ್ದಳು.

ಉಳಿದದ್ದು ಆ ಕಣ್ಣೊಂದೇ. ಮರದಲ್ಲಿ ಉಳಿ ತಪ್ಪಿದರೆ ತಿದ್ದುವಂತಿಲ್ಲ. ಅದಕ್ಕೇ ಅವನು ಮೊದಲು ತುಂಡು ಹಲಗೆಯ ಮೇಲೆ ಕೆತ್ತಿ ನೋಡುತ್ತಿದ್ದ.

“ಹೇಗಿದೆ ನೋಡೇ.”

“ಶನಿವಾರ ಪಬ್ಬಿನಿಂದ ಬರೋ ನಿನ್ನ ಥರಾನೇ ಇದೆ,” ಎಂದೆ.

ಅವನು ನಗಲಿಲ್ಲ. ಉಳಿ ಇಟ್ಟು ಕುರಿಗಳಿಗೆ ಮೇವು ಹಾಕಲು ಹೋದ. ಬಹಳ ಹೊತ್ತಾದರೂ ಬರಲಿಲ್ಲವೆಂದು ನಾನೂ ಹೋದೆ. ಬೇಲಿಗೆ ಒರಗಿ ನಿಂತಿದ್ದ. ಮುದಿ ಕುರಿಯೊಂದು ಮರಿಯನ್ನು ಮಗ್ಗುಲಿಗೆ ಮಲಗಿಸಿಕೊಂಡು ಮೆಲುಕು ಹಾಕುತ್ತಿತ್ತು. ಅದರ ಕಣ್ಣು ಅರ್ಧ ಮುಚ್ಚಿತ್ತು. ನಿದ್ದೆಯೇನಲ್ಲ; ಮರಿ ಅಲುಗಿದಾಗಲೆಲ್ಲ ಕಿವಿ ಅತ್ತ ತಿರುಗುತ್ತಿತ್ತು.

ಅವತ್ತೇ ಮೂರ್ತಿಗೆ ಕಣ್ಣು ಕೆತ್ತಿದ.

“ಕುರಿ ನೋಡಿ ಮಾಡಿದ್ದು ಅಂತ ಬಾಯಿ ಬಿಡಬೇಡ ಮಾರಾಯ,” ಎಂದೆ.

ರೊವೀನಾ ಬಂದು ಬುದ್ಧನ ಮುಂದೆ ಕೂತಳು. ಆಮೇಲೆ ಕೇಳಿದಳು: “ಯಾರನ್ನ ನೋಡಿ ಮಾಡಿದ್ರಿ?”

ಲಾಕ್ಲನ್ ನನ್ನ ಮುಖ ನೋಡಿದ. “ನಮ್ಮ ಕುರೀನ,” ಎಂದುಬಿಟ್ಟ.

“ಎಲ್ಲಿದೆ ಅದು? ನನಗೂ ತೋರಿಸಿ.”

ಹೊರಗೆ ಕೆಸರಿತ್ತು. ನನ್ನ ಬೂಟು ಅವಳಿಗೆ ಕೊಟ್ಟೆ.