ಅತ್ತೆಯ ಕಿಂಡಿ

ಬ್ರಿಗ್ ನಿಲ್ದಾಣ ಬಿಟ್ಟ ಗಾಜಿನ ರೈಲು ಗೋಮ್ಸ್ ಕಣಿವೆಯನ್ನು ಏರತೊಡಗಿದಾಗ ಒಟಿಲಿಯಾಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ಊರಿನ ಮನೆಯ ಅಡುಗೆಮನೆ ಕಿಟಕಿಯಿಂದ ನೋಡಿದ್ದ ರೈಲು ಇದು. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಸೂರಿನವರೆಗೂ ಏರಿದ ಕಿಟಕಿಗಳು. ಆದರೆ ಅವುಗಳಲ್ಲಿ ಒಂದನ್ನೂ ತೆರೆಯುವಂತಿರಲಿಲ್ಲ.

"ಮಹಾರಾಣಿ ಹಾಗೆ ಕೂತ್ಕೊಳೇ," ಎಂದಳು ಎದುರಿಗಿದ್ದ ಫಿಲೊಮೆನಾ. ಒಟಿಲಿಯಾಗೆ ಅರವತ್ತು ತುಂಬಿತೆಂದು ಈ ಪ್ರಯಾಣವನ್ನು ಉಡುಗೊರೆ ಕೊಟ್ಟ ನೆರೆಮನೆಯ ಗೆಳತಿ ಅವಳು. "ಹಾಲು ಕರೆಯೋಕೆ ಹೊತ್ತಾಯ್ತು ಅನ್ನೋ ಮುಖ ಮಾಡ್ಬೇಡ."

"ಅತ್ತೆ ಇದ್ದಿದ್ರೆ ಇದನ್ನ ಹತ್ತೋಕೆ ಬಿಡ್ತಿರ್ಲಿಲ್ಲ."

"ನಿಮ್ಮತ್ತೆ ಸುದ್ದಿ ಬಿಡು! ಈ ರೈಲು ಕಂಡ್ರೆ ಸೌಟು ಎತ್ತಿ ತೋರಿಸ್ತಿದ್ದ ಹೆಂಗಸು. ಯಾವ್ಯಾವ ದೇಶದವ್ರ ಫೋಟೋದಲ್ಲಿ ಆ ಸೌಟು ಇದೆಯೋ!"

"'ನಮ್ಮ ಸಾರಿನ ಪಾತ್ರೆಗೆ ಇಣುಕೋಕೆ ಬರ್ತಾವೆ, ದರಿದ್ರದವು' ಅಂತಿದ್ರು," ಎಂದು ಒಟಿಲಿಯಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅವರ ಹಳೆಯ ಮರದ ಮನೆಗಳ ಮಲಗುವ ಕೋಣೆಯಲ್ಲಿ, ಗೋಡೆಗೊಂದು ಪುಟ್ಟ ಕಿಂಡಿ ಇರುತ್ತದೆ. ಅದಕ್ಕೊಂದು ಮರದ ಮುಚ್ಚಳ. ಯಾರಾದರೂ ಕೊನೆಯುಸಿರೆಳೆದಾಗ ಮಾತ್ರ ಅದನ್ನು ತೆರೆಯುತ್ತಾರೆ. ಜೀವ ಅದರಿಂದ ಹೊರಟುಹೋಗುವಾಗ ಉಳಿದವರು ಗೋಡೆಗೆ ಮುಖ ಮಾಡಿ ನಿಂತಿರಬೇಕು. ಆಮೇಲೆ ತಡಮಾಡದೆ ಮುಚ್ಚಬೇಕು.

ಗಂಡ ಅಲೋಯಿಸ್ ತೀರಿಕೊಂಡಾಗ ಆ ಮುಚ್ಚಳ ಎಳೆದದ್ದು ಹೆತ್ತ ತಾಯಿ ಕ್ರೆಸೆಂಟಿಯಾಳೇ. "ಹೋಗು ಮಗನೇ, ತಿರುಗಿ ನೋಡ್ಬೇಡ," ಎನ್ನುತ್ತ, ಬೇಡ ಬೇಡವೆಂದು ಕಿರುಚುತ್ತಿದ್ದ ಸೊಸೆಯ ಹಿಂಗತ್ತನ್ನು ಹಿಡಿದು ಮುಖವನ್ನು ಗೋಡೆಗೆ ಒತ್ತಿದ್ದಳು. ಒಟಿಲಿಯಾ ಅದನ್ನು ಕ್ಷಮಿಸಲಿಲ್ಲ. ಇವಳದು ಕಲ್ಲು ಹೃದಯ ಎಂದುಕೊಂಡೇ ಅದೇ ಮನೆಯಲ್ಲಿ, ಅದೇ ಮೇಜಿನಲ್ಲಿ ಉಂಡಳು. ಇಬ್ಬರಿಗೂ ದಿನಾ ಜಗಳ. ಉಂಡೆದ್ದ ಮೇಲೆ ಕುರ್ಚಿಯನ್ನು ಮೇಜಿನಡಿಗೆ ತಳ್ಳಲಿಲ್ಲವೆಂದೇ ಅತ್ತೆಯಿಂದ ಎಷ್ಟು ಬೈಗುಳ!

ಕಳೆದ ಚಳಿಗಾಲದಲ್ಲಿ ಅತ್ತೆಯ ಉಸಿರು ನಿಂತಾಗ ಒಟಿಲಿಯಾಳ ಕೈ ಮುಚ್ಚಳದವರೆಗೆ ಹೋಗಿ ನಿಂತಿತು. ಇವಳೂ ಹೋದರೆ ಈ ಮನೆಯಲ್ಲಿ ಬೈಯಲಿಕ್ಕಾದರೂ ಯಾರಿದ್ದಾರೆ? ಕೈ ಇಳಿಸಿದಳು. ಕಿಂಡಿ ತೆರೆದಿದ್ದೆ ಎಂದು ಪಾದ್ರಿಗೂ ಫಿಲೊಮೆನಾಳಿಗೂ ಸುಳ್ಳು ಹೇಳಿದಳು.

ಮರುದಿನದಿಂದ ಬೆಳಿಗ್ಗೆ ಎದ್ದರೆ ಅತ್ತೆಯ ಕುರ್ಚಿ ಮೇಜಿನಿಂದ ಹೊರಗೆ ಸರಿದು ಕಿಟಕಿಗೆ ತಿರುಗಿರುತ್ತಿತ್ತು. ಮೊದಮೊದಲು ಅದೇ ಒಂದು ಸಮಾಧಾನ. ಎರಡು ಲೋಟ ಕಾಫಿ ಬಗ್ಗಿಸುತ್ತಿದ್ದಳು. ಈಚೆಗೆ ಒಲೆ ಉರಿಯುತ್ತಿದ್ದರೂ ಆ ಕುರ್ಚಿಯ ಬಳಿ ಹೋದರೆ ಚಳಿಗೆ ಅವಳ ಉಸಿರು ಹೊಗೆಯಾಡುತ್ತಿತ್ತು. ಕಿಂಡಿಯ ಮುಚ್ಚಳವನ್ನು ಉಗುರಿನಿಂದ ಕೆರೆದ ಸದ್ದು.

"ಬಂತು ನೋಡೇ ನಮ್ಮೂರು!" ಎಂದಳು ಫಿಲೊಮೆನಾ.

ಬಿಸಿಲಿಗೆ ಕಪ್ಪಾದ ಮರದ ಮನೆಗಳು ಸರಿದವು. ತನ್ನ ಮನೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ. ಕೈಯಲ್ಲಿ ಸೌಟಿರಲಿಲ್ಲ. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ, ರೈಲಿನ ಒಂದೊಂದೇ ಬೋಗಿಯನ್ನು ನೋಡುತ್ತಿದ್ದಳು, ಗುರುತಿನ ಮುಖವೊಂದನ್ನು ಹುಡುಕುವವಳಂತೆ. ಬಾಯಿ ತೆರೆದು ಮುಚ್ಚುತ್ತಿತ್ತು. ರೈಲು ಮುಂದಕ್ಕೆ ಹೋಯಿತು.

"ಯಾಕೇ ಬಿಳಿಚ್ಕೊಂಡೆ? ಮನೆಗೆ ಬೀಗ ಹಾಕಿಲ್ವಾ?"

"ಹಾಕಿದ್ದೀನಿ. ಅದೇ ತಪ್ಪಾಗಿದ್ದು."

ಊಟ ಬರುವ ಹೊತ್ತಿಗೆ ರೈಲು ಫುರ್ಕಾ ಸುರಂಗ ಹೊಕ್ಕಿತು. ಗಾಜೆಲ್ಲ ಕಪ್ಪು ಕನ್ನಡಿಯಾಯಿತು. ಅದರೊಳಗೆ ಎರಡು ಅಂಗೈಗಳನ್ನು ಕಂಡು ಒಟಿಲಿಯಾ ಬೆಚ್ಚಿದಳು. ಅವು ತನ್ನವೇ. ಗಾಜಿಗೆ ಯಾವಾಗ ಒತ್ತಿಕೊಂಡಿದ್ದಳೋ ಅವಳಿಗೇ ತಿಳಿಯದು.

"ನಾನು ಅವತ್ತು ಕಿಂಡಿ ತೆಗೀಲಿಲ್ಲ ಕಣೇ."

ಫಿಲೊಮೆನಾಳ ಮುಳ್ಳುಚಮಚ ನಿಂತಿತು. ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. "ಅಯ್ಯೋ ಪಾಪಿ! ಇಷ್ಟು ತಿಂಗಳೂ?"

"ಮುಂದೆ ಅಂಡರ್‌ಮಾಟ್‌ನಲ್ಲಿ ಇಳಿದು ಮನೆಗೆ ವಾಪಸ್ ಹೋಗ್ತೀನಿ."

"ನಾನೂ ಬರ್ತೀನಿ, ನಡಿ."

"ಬೇಡ. ಇದು ಅತ್ತೆ ಸೊಸೆ ಜಗಳ."

"ಹಾಗಾದ್ರೆ ನಿನ್ನ ಪಾಲಿನ ಸಿಹೀನೂ ನಾನೇ ತಿಂತೀನಿ," ಎಂದಳು ಫಿಲೊಮೆನಾ.

ಮರಳಿ ಬಂದದ್ದು ಊರೂರಿಗೆ ನಿಲ್ಲುವ ಮಾಮೂಲಿ ರೈಲಿನಲ್ಲಿ. ಅದರ ಕಿಟಕಿಯನ್ನು ಪೂರ್ತಿ ಇಳಿಸಿ, ಗಾಳಿಗೆ ಮುಖವೊಡ್ಡಿ ಕೂತಳು.

ಬಾಗಿಲು ತೆರೆದಾಗ ಮನೆ ಮೌನವಾಗಿತ್ತು. ಅತ್ತೆಯ ಕುರ್ಚಿ ಮೇಜಿನಿಂದ ಹೊರಗೇ ಇತ್ತು. ನೇರ ಕೋಣೆಗೆ ಹೋಗಿ ಮುಚ್ಚಳಕ್ಕೆ ಕೈಹಾಕಿದಳು. ಊದಿಕೊಂಡ ಮರ ಜಗ್ಗಲಿಲ್ಲ; ಜೋತುಬಿದ್ದು ಎಳೆದಾಗ ತೆರೆಯಿತು. ಬೆಟ್ಟದ ಚಳಿ ಒಳಗೆ ಬಂತು. ಹೊರಗೆ ಮಾತ್ರ ಯಾರೂ ಹೋಗಲಿಲ್ಲ.

ಹೇಳಬೇಕಾದ ಮಾತೊಂದು ಬಾಕಿಯಿತ್ತು. ಹೆತ್ತ ಮಗನಿಗೆ ಇದನ್ನು ಆ ಹೆಂಗಸು ಹೇಗೆ ಹೇಳಿದಳು?

"ಹೋಗಿ ಅತ್ತೆ," ಎಂದಳು ಕೊನೆಗೆ. "ತಿರುಗಿ ನೋಡ್ಬೇಡಿ. ನಾನು ಇರ್ತೀನಿ."

ಅಡುಗೆಮನೆಯಲ್ಲಿ ಕುರ್ಚಿ ನೆಲಕ್ಕೆ ಉಜ್ಜುತ್ತ ಸರಿದ ಸದ್ದಾಯಿತು. ಹೆಜ್ಜೆಗಳು ಹತ್ತಿರ ಬಂದವು. ಒಟಿಲಿಯಾ ತಡೆಯಲಾರದೆ ತಿರುಗಿ ನೋಡಹೊರಟಳು. ಆಗಲೇ ಹಿಂಗತ್ತಿನ ಮೇಲೆ ಒರಟಾದ, ತಣ್ಣನೆಯ ಕೈಯೊಂದು ಬಿದ್ದು ಅವಳ ಮುಖವನ್ನು ಗೋಡೆಗೆ ಒತ್ತಿತು. ಅಂದಿನಷ್ಟೇ ಬಿಗಿಯಾಗಿ. ಕಟ್ಟಿಗೆ ಹೊಗೆಯ, ಹುಳಿಹಾಲಿನ ವಾಸನೆ. ಆಮೇಲೆ ಕೈ ಸಡಿಲಾಯಿತು.

ಮುಚ್ಚಳ ಹಾಕಿ ಅಡುಗೆಮನೆಗೆ ಬಂದಳು. ಅತ್ತೆಯ ಕುರ್ಚಿ ಮೇಜಿನಡಿ ನೆಟ್ಟಗೆ ಸೇರಿಕೊಂಡಿತ್ತು. ಒಟಿಲಿಯಾ ತನ್ನ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದು, ಎದ್ದು ಬಾಗಿಲವರೆಗೆ ನಡೆದಳು. ನೆನಪಾಗಿ ಮರಳಿ ಬಂದು ತನ್ನ ಕುರ್ಚಿಯನ್ನೂ ಮೇಜಿನಡಿಗೆ ತಳ್ಳಿದಳು.