ಕೆಮ್ಮದೆ ನಿಂತವನು

ಕಾನಹೊಸಹಳ್ಳಿಯ ಬಸ್ ನಿಲ್ದಾಣದ ಪಕ್ಕ ನನ್ನ ಸ್ಟುಡಿಯೋ ಇದೆ. ಮದುವೆ, ಸೀಮಂತ, ತೊಟ್ಟಿಲು, ಎಲ್ಲದಕ್ಕೂ ಸುತ್ತಲಿನ ಹಳ್ಳಿಯವರು ನನ್ನನ್ನೇ ಕರೆಯುತ್ತಾರೆ. ಹೆಂಗಸರು ನನ್ನ ಮುಂದೆ ಅಂಜದೆ ನಿಲ್ಲುತ್ತಾರೆ. ಆ ನಂಬಿಕೆ ಹೋದ ದಿನ ಅಂಗಡಿಗೆ ಬೀಗ.

ಕಳೆದ ಆಗಸ್ಟಿನಲ್ಲಿ ಬೆಳಗಿನ ಜಾವ ಮೂಡಣದಲ್ಲಿ ಶುಕ್ರ, ಗುರು ಎರಡೂ ಒತ್ತೊತ್ತಾಗಿ ಬಂದಿದ್ದವು. ಗಗನಯಾತ್ರಿಗಳಿರುವ ಬಾಹ್ಯಾಕಾಶ ನಿಲ್ದಾಣ ಒಂದು ದಿನ ಅವುಗಳ ನಡುವೆಯೇ ಹಾದುಹೋಗುತ್ತದೆಂದು ಮೊಬೈಲಿನ ಆ್ಯಪ್ ತೋರಿಸಿತ್ತು. ಅದಕ್ಕೆ ಮೊದಲು ದಿನವೂ ಮೋಡ. ಅವತ್ತು ಮಾತ್ರ ಆಕಾಶ ತೊಳೆದಿಟ್ಟಂತಿತ್ತು. ಕತ್ತಲಲ್ಲೇ ನಮ್ಮೂರ ಕೆರೆಯ ಏರಿ ಹತ್ತಿದೆ. ಮೂಡಣ ಅಷ್ಟು ಬಯಲಾಗಿ ಕಾಣುವ ಜಾಗ ಬೇರೆ ಇಲ್ಲ.

ನಮ್ಮೂರಲ್ಲಿ ಮನೆಮನೆಗೂ ಶೌಚಾಲಯ ಕಟ್ಟಿದ್ದಾರೆ. ಅರ್ಧದಷ್ಟರಲ್ಲಿ ಕಟ್ಟಿಗೆ ತುಂಬಿದ್ದಾರೆ. ಹೆಂಗಸರು ಈಗಲೂ ನಸುಕಿನಲ್ಲಿ ಏರಿಯ ಕೆಳಗಿನ ಜಾಲಿಗಿಡಗಳ ಕಡೆಗೇ ಹೋಗುವುದು. ಆ ಹೊತ್ತಿನಲ್ಲಿ ಅತ್ತ ಹೋಗುವ ಗಂಡಸು ದೂರದಿಂದಲೇ ಕೆಮ್ಮಬೇಕು. ಕೆಮ್ಮು ಕೇಳಿದರೆ ಅವರು ಎದ್ದು ನಿಲ್ಲುತ್ತಾರೆ, ಅವನು ತಲೆ ತಗ್ಗಿಸಿ ದಾಟುತ್ತಾನೆ.

ಏರಿ ಹತ್ತುವಾಗ ನಾನೂ ಕೆಮ್ಮಿದ್ದೆ. ಯಾರೂ ಇರಲಿಲ್ಲ. ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸಿದೆ. ಬರೀ ಆಕಾಶವಿದ್ದರೆ ಚಿತ್ರ ಬೋಳು ಎಂದು ಕೆಳಗೆ ಸ್ವಲ್ಪ ನೆಲವೂ ಬರುವಂತೆ ಇಟ್ಟೆ. ನೆತ್ತಿಯ ಮೇಲೆ ಬಾಹ್ಯಾಕಾಶ ನಿಲ್ದಾಣದ ಬೆಳಕು ಸದ್ದಿಲ್ಲದೆ ಬಂತು. ಶಟರ್ ತೆರೆದು ಉಸಿರು ಬಿಗಿಹಿಡಿದೆ. ಅದು ಎರಡು ಗ್ರಹಗಳ ನಡುವೆ ಗೆರೆ ಎಳೆದಂತೆ ಇಳಿದುಹೋಯಿತು.

ಶಟರ್ ಮುಚ್ಚಿತು. ಅಷ್ಟರಲ್ಲಿ ಕೆಳಗಿನಿಂದ, ಏರಿಯ ಮೇಲೆ ನನ್ನನ್ನು ಕಂಡ ಹೆಂಗಸರ ಕೂಗು. ಪಕ್ಕದ ಹೊಲದಲ್ಲಿ ಶೇಂಗಾ ಕಾಯುತ್ತಿದ್ದ ಬಸವೇಶ್ ಬ್ಯಾಟರಿ ಬಿಡುತ್ತ ಓಡಿಬಂದು ನನ್ನ ಕೊರಳಪಟ್ಟಿ ಹಿಡಿದ. ಯಾವಾಗಲೂ ಅಣ್ಣ ಎನ್ನುವವನು.

"ಕ್ಯಾಮೆರಾ ಹಿಡ್ಕಂಡು ಇಲ್ಲೇನ್ ಮಾಡ್ತೀಯಲೇ ಓಬಳೇಶ?"

ಸಿಟ್ಟು ನೆತ್ತಿಗೇರಿತು. ಅವನ ಕೈ ಕಿತ್ತೊಗೆದೆ. "ನಿನ್ನ ಮದುವಿ ಫೋಟೊ ಅಳಿಸಿಹೋದಾಗ ವಾಪಸ್ ತಂದುಕೊಟ್ಟೋನು ನಾನಲೇ. ಇದ್ರಾಗ ಚುಕ್ಕಿ ಬಿಟ್ಟು ಒಂದು ನರಪಿಳ್ಳಿ ಕಂಡ್ರ ಕ್ಯಾಮೆರಾ ಕೆರಿಗೆ ಒಗಿ."

ಅವನ ತಾಯಿ ಪಾಲಮ್ಮ ಚೆಂಬು ಹಿಡಿದು ಏರಿ ಹತ್ತಿ ಬಂದಿದ್ದಳು. ಉಳಿದ ಹೆಂಗಸರು ಕೆಳಗೇ ಗುಂಪಾಗಿ ನಿಂತಿದ್ದರು. "ಹಂಗಾರ ತೋರ್ಸಪ್ಪ" ಎಂದಳು.

ತೋರಿಸಲೆಂದು ಗುಂಡಿ ಒತ್ತಿದೆ. ಎರಡು ಗ್ರಹ, ನಡುವೆ ಬೆಳ್ಳನೆಯ ಗೆರೆ. ಜೀವಮಾನದಲ್ಲಿ ಅಂಥದ್ದೊಂದು ತೆಗೆದಿರಲಿಲ್ಲ. ಕೆಳಗೆ ನೋಡಿದೆ. ಅಷ್ಟು ಹೊತ್ತು ತೆರೆದಿದ್ದ ಶಟರ್, ನನ್ನ ಕಣ್ಣಿಗೆ ಕಾಣದ ಬೆಳಕನ್ನೆಲ್ಲ ಕುಡಿದಿತ್ತು. ನನಗೆ ಬರೀ ಕಪ್ಪಾಗಿದ್ದ ಜಾಲಿಗಿಡ ಒಂದೊಂದೂ ಅಲ್ಲಿ ತೋರುತ್ತಿತ್ತು. ಅವುಗಳ ಸಂದಿಯಲ್ಲಿ ಕುಳಿತ ಹೆಂಗಸರು. ಪಕ್ಕದಲ್ಲಿ ಚೆಂಬು. ನಾನು ಬಂದ ಮೇಲೆ ಬಂದಿದ್ದರು. ಚಿತ್ರದ ಧ್ಯಾನದಲ್ಲಿ ನಾನು ಮತ್ತೆ ಕೆಮ್ಮಿರಲಿಲ್ಲ.

ನನ್ನ ಹೆಬ್ಬೆರಳು ತಾನಾಗಿ ಪರದೆಯ ಕೆಳಭಾಗವನ್ನು ಮುಚ್ಚಿತು.

ಬಸವೇಶ್ ಬಗ್ಗಿ ನೋಡಿದ. ಗೆರೆ ಕಂಡಿತು. ಅವನ ಮುಖ ಸಡಿಲವಾಯಿತು. ಪಾಲಮ್ಮ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬೆರಳು ತಗಿ."

ತೆಗೆದೆ. ಆಕೆ ಕ್ಯಾಮೆರಾವನ್ನು ಮಗನಿಗೆ ಕಾಣದಂತೆ ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು. ಒಂದು ಮಾತು ಹೇಳಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

"ಚುಕ್ಕಿನೇ ಅದಾವು. ನೀ ಹೋಗಲೇ, ಹೊಲಕ್ಕ ಹಂದಿ ಬಿದ್ದಾವು" ಎಂದು ಮಗನನ್ನು ಕಳಿಸಿದಳು.

ಅವನು ದೂರವಾದ ಮೇಲೆ ಯಾಕೆ ಕೆಮ್ಮಲಿಲ್ಲ ಎಂದು ಕೇಳಿದಳು. ಇದ್ದದ್ದನ್ನೇ ಹೇಳಿದೆ. ಕೆಳಗಿನ ಭಾಗವನ್ನು ಸ್ಟುಡಿಯೋದಲ್ಲಿ ಕತ್ತರಿಸಿಬಿಡುತ್ತೇನೆ, ಮೇಲಿನದಷ್ಟೇ ಉಳಿಸಿಕೊಳ್ಳುತ್ತೇನೆ ಎಂದು ಅಂಗಲಾಚಿದೆ.

"ನೀ ಕತ್ತರಿಸೋವಾಗ ನಾ ಅಲ್ಲಿ ಇರಾಂಗಿಲ್ಲಪ್ಪ."

"ಹಂಗಾರ ನಿನ್ನ ಮುಂದ ಅಳಿಸ್ತೀನಿ ಬೇ."

"ಅಳಿಸಿದ್ದನ್ನ ವಾಪಸ್ ತರ್ತೀನಂತ ಈಗಿನ್ನೂ ಒದರಿದೆಲ್ಲ?"

ಮೆಮೊರಿ ಕಾರ್ಡನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ಆಕೆ ಅದನ್ನು ಸೊಂಟದ ಎಲೆಅಡಿಕೆ ಸಂಚಿಯೊಳಗೆ ಹಾಕಿ, ದಾರ ಎಳೆದು, ಏರಿ ಇಳಿದಳು. ಕೆಳಗಿನ ಹೆಂಗಸರಿಗೆ ಏನು ಹೇಳಿದಳೋ ಕೇಳಿಸಲಿಲ್ಲ.

ಆಮೇಲಿನ ದಿನಗಳಲ್ಲಿ ಫೋನ್ ಬಡಿದುಕೊಂಡಾಗಲೆಲ್ಲ ಎದೆಯೂ ಬಡಿದುಕೊಳ್ಳುತ್ತಿತ್ತು. ಅಂಗಡಿಯ ಮುಂದೆ ನಾಲ್ಕು ಜನ ನಿಂತು ಮಾತಾಡಿದರೆ ನನ್ನ ವಿಷಯವೇ ಅನಿಸುತ್ತಿತ್ತು. ಹೆಂಡತಿಗೂ ಹೇಳಲಿಲ್ಲ.

ಶ್ರಾವಣ ಕಳೆದ ಮೇಲೆ ಬಸವೇಶ್ ಬಂದ. ಮಗಳ ತೊಟ್ಟಿಲು ಇದೆ, ಫೋಟೊಕ್ಕೆ ಬಾ ಅಣ್ಣ ಎಂದ. ಅಂಜುತ್ತಲೇ ಹೋದೆ. ತೊಟ್ಟಿಲ ಸುತ್ತ ಹೆಂಗಸರು ನಿಂತರು. ಅವತ್ತು ಜಾಲಿಯಲ್ಲಿದ್ದವರು ಯಾರೋ ಗೊತ್ತಿಲ್ಲ, ಯಾರ ಮುಖವನ್ನೂ ನೇರ ನೋಡಲಾಗಲಿಲ್ಲ. ಕ್ಯಾಮೆರಾ ಎತ್ತಿದೆ.

ನಡುವೆ ನಿಂತಿದ್ದ ಪಾಲಮ್ಮ ಹೇಳಿದಳು: "ಮೊದ್ಲು ಕೆಮ್ಮು. ಆಮ್ಯಾಲ ಒತ್ತು."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಸವೇಶನಿಗೆ ಏನೂ ತಿಳಿಯಲಿಲ್ಲ.

ನಾನು ಕೆಮ್ಮಿದೆ.